ದಾರದಲ್ಲಿ ಅಳೆದರೆ 14 ಸಾವಿರ, ಸ್ಕೇಲಿನಲ್ಲಿ 22 ಸಾವಿರ ಕಿ.ಮೀ.: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಪೆರ್ಲದ ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ಕನ್ನಡ ಮಾಧ್ಯಮದ ಮಕ್ಕಳಿಗೆ 31 ವರ್ಷ ಸಮಾಜ ಪಾಠ ಹೇಳಿ ನಿವೃತ್ತನಾದವ. ಗೋಡೆಗೆ ಭೂಪಟ ತೂಗುಹಾಕಿ ಕೋಲಿನಲ್ಲಿ ಅಮೆರಿಕ ತೋರಿಸಿದ್ದಕ್ಕೆ ಲೆಕ್ಕವಿಲ್ಲ. ವಿಮಾನ ಮಾತ್ರ ಇಷ್ಟರವರೆಗೆ ಹತ್ತಿಲ್ಲ.

ಈಗ ಹತ್ತುವ ಯೋಗ ಬಂದಿದೆ. ಮಗಳಿಗೆ ಹೆರಿಗೆ ಹತ್ತಿರವಾಯಿತು. ಅವಳಿರುವುದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕ. ಬಾಣಂತನಕ್ಕೆ ಮನೆಯವಳು, ಅವಳ ಸಾಮಾನು ಹೊರಲಿಕ್ಕೆ ನಾನು. ಚೌತಿ ಕಳೆದ ಮೇಲೆ ಹೊರಡುವುದು.

ಹೋಗುವ ಊರು ಎಷ್ಟು ದೂರ ಎಂದು ತಿಳಿಯದೆ ಹೊರಟರೆ ಮಾಷ್ಟ್ರ ಮರ್ಯಾದೆ ಏನಾಗಬೇಕು? ಅದಕ್ಕೆ ಮೊದಲು ಗೋಡೆಯ ಭೂಪಟದಲ್ಲಿ ಸ್ಕೇಲಿಟ್ಟು ನೋಡಿದೆ. ಬೆಂಗಳೂರಿನಿಂದ ಎಡಕ್ಕೆ ಅರಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್, ಆಮೇಲೆ ಇಡೀ ಅಮೆರಿಕ ದಾಟಿ ಆ ಕಡೆಯ ಕರಾವಳಿ. ಲೆಕ್ಕ ಹಾಕಿದರೆ 22 ಸಾವಿರ ಕಿ.ಮೀ. ಮೇಲೆ ಬಂತು. ಆಗ ನಗು ಬಂತು. ಭೂಮಿಯ ಸುತ್ತಳತೆಯೇ ಸುಮಾರು 40 ಸಾವಿರ. ಯಾವ ಎರಡು ಊರಿನ ನಡುವೆಯೂ ಹತ್ತಿರದ ದಾರಿ 20 ಸಾವಿರಕ್ಕಿಂತ ಜಾಸ್ತಿ ಇರಲಿಕ್ಕೆ ಸಾಧ್ಯವೇ ಇಲ್ಲ. ಚಪ್ಪಟೆ ಭೂಪಟ ಸುಳ್ಳು ಹೇಳುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಇಷ್ಟು ದೊಡ್ಡ ಸುಳ್ಳು ಎಂದು ಗೊತ್ತಿರಲಿಲ್ಲ.

ನಿವೃತ್ತಿಯ ದಿನ ಮಕ್ಕಳು ಕೊಟ್ಟ ಗ್ಲೋಬು ಅಟ್ಟದಲ್ಲಿತ್ತು. ಇಳಿಸಿ ಧೂಳು ಒರಸಿದೆ. ಅಡ್ಡಗಲ 30 ಸೆಂ.ಮೀ. ನಡುವಿಗೆ ಹೊಲಿಗೆ ದಾರ ಸುತ್ತಿದರೆ 94 ಸೆಂ.ಮೀ. ಅಂದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಎಳೆದೆ. ಆಫ್ರಿಕದ ಮೇಲೆ ಇಟ್ಟ ದಾರ ಅಲ್ಲಿ ನಿಲ್ಲಲೇ ಇಲ್ಲ. ಬಿಗಿ ಮಾಡಿದಷ್ಟೂ ಉತ್ತರಕ್ಕೆ ಜಾರಿತು. ಕೊನೆಗೆ ನಿಂತದ್ದು ಎಲ್ಲಿ? ನೇಪಾಳ, ಮಂಗೋಲಿಯದ ಅಂಚು, ಸೈಬೀರಿಯ, ಅಲಾಸ್ಕ! ಅಳೆದರೆ 33 ಸೆಂ.ಮೀ. ಸುಮಾರು 14 ಸಾವಿರ ಕಿ.ಮೀ. ಆಯಿತು.

ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ 8,690 ಎಂದು ಉಂಟು, ಇನ್ನೊಂದು ಕಡೆ 7,550. ಇದು ಯಾವ ಲೆಕ್ಕ?

ಇನ್ನು ಟಿಕೆಟಿನ ವಿಷಯ. ಅಳಿಯ ಎರಡು ದಾರಿ ಕಳಿಸಿದ್ದಾರೆ. ಒಂದು ಬೆಂಗಳೂರು–ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ. ಇನ್ನೊಂದು ದುಬೈ ಮೇಲೆ. ಯಾವುದು ಹತ್ತಿರ? ದೆಹಲಿಯಿಂದ ಬೆಳಿಗ್ಗೆ 4ಕ್ಕೆ ಹೊರಟು, ಅದೇ ತಾರೀಕು ಬೆಳಿಗ್ಗೆ 7:30ಕ್ಕೆ ಅಲ್ಲಿ ಇಳಿಯುವುದು ಎಂದು ಬರೆದಿದೆ. ಪಕ್ಕದ ಮನೆಯ ಭಾವ ಅದನ್ನು ನೋಡಿ, "ಮೂರೂವರೆ ಗಂಟೆಯ ದಾರಿಗೆ ಇಷ್ಟು ದುಡ್ಡಾ? ಮಂಗಳೂರಿನಿಂದ ದುಬೈಗೂ ಅಷ್ಟೇ ಹೊತ್ತು" ಎಂದರು. ಗಡಿಯಾರದ ವ್ಯತ್ಯಾಸ ಅಂತ ನನಗೆ ಗೊತ್ತುಂಟು. ಆದರೂ ಹೋಗುವಾಗ ಎಷ್ಟು ಗಂಟೆ, ಬರುವಾಗ ಎಷ್ಟು, ವಿಮಾನ ನಿಜವಾಗಿ ದಾರದ ದಾರಿಯಲ್ಲೇ ಹೋಗುತ್ತದಾ, ತಿಳಿದವರು ಬಿಡಿಸಿ ಹೇಳಿ.

ಮನೆಯವಳದ್ದೂ ಒಂದು ಪ್ರಶ್ನೆ ಇದೆ. ನಾವು ದೆಹಲಿ ಬಿಡುವ ದಿನ ಏಕಾದಶಿ. ಅವಳು ನಲವತ್ತು ವರ್ಷದಿಂದ ತಪ್ಪಿಸಿದವಳಲ್ಲ. ತಾರೀಕು ಬದಲಾಗುವುದಿಲ್ಲ ಎಂದಾದರೆ ಆ ಏಕಾದಶಿ ಎಷ್ಟು ಹೊತ್ತಿನದ್ದು?


ಅಡ್ಯನಡ್ಕ ಭಾವ:

ಮಾಷ್ಟ್ರೇ, ಏಕಾದಶಿ ಉದ್ದವಾದರೆ ಪರವಾಗಿಲ್ಲ, ತಿಂಗಳ ಪೆನ್ಶನ್ನಿಗೂ ಒಂದು ದಿನ ಜಾಸ್ತಿ ಸಿಗುತ್ತದಾ ಕೇಳಿ ನೋಡಿ. ದಾರದ ಅಳತೆ ಮಾತ್ರ ಭಾರೀ ಲಾಯ್ಕ ಆಯ್ತು. ಮೊಮ್ಮಗನಿಗೆ ಈಗಷ್ಟೇ ಮಾಡಿ ತೋರಿಸಿದೆ. ನಮ್ಮ ಗ್ಲೋಬು ಸಣ್ಣದು, ಪೆನ್ಸಿಲ್ ಶಾರ್ಪ್ನರ್ ಇರುವಂಥದ್ದು, ಆದರೂ ದಾರ ಅಲಾಸ್ಕಕ್ಕೇ ಹೋಯ್ತು.


ಹೊಸಂಗಡಿ ಟು ದೇರಾ:

ಮಾಷ್ಟ್ರಿಗೆ ನಮಸ್ಕಾರ. ನಾನು 22 ವರ್ಷದಿಂದ ದುಬೈಯಲ್ಲಿದ್ದೇನೆ. ಅಮೆರಿಕ ನನಗೆ ಗೊತ್ತಿಲ್ಲ, ಆದರೆ ಬಜ್ಪೆ (ಮಂಗಳೂರು ವಿಮಾನ ನಿಲ್ದಾಣ)–ದುಬೈ ದಾರಿ ಮನೆಯಂಗಳದಷ್ಟು ಪರಿಚಯ. ನಿಮ್ಮ ಪಕ್ಕದ ಮನೆಯವರಿಗೆ ಉತ್ತರ ಇಲ್ಲೇ ಇದೆ.

ಮಂಗಳೂರಿನಿಂದ ದುಬೈಗೆ ಆಕಾಶದಲ್ಲಿ ಸುಮಾರು 2,460 ಕಿ.ಮೀ. ಬೆಳಿಗ್ಗೆ 8ಕ್ಕೆ ಹೊರಟರೆ ಅಲ್ಲಿಯ ಗಡಿಯಾರದಲ್ಲಿ 10:15ರ ಆಸುಪಾಸಿಗೆ ಇಳಿಯುತ್ತೇವೆ. ಎರಡು ಕಾಲು ಗಂಟೆ ಅಂತ ಕಾಣುತ್ತದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಹಾಗಾಗಿ ನಿಜಕ್ಕೂ ಮೂರು ಮುಕ್ಕಾಲು. ಬರುವಾಗ ರಾತ್ರಿ 11ಕ್ಕೆ ಹೊರಟರೆ ಊರಿನಲ್ಲಿ ಬೆಳಗಿನ ಜಾವ 4. ಐದು ಗಂಟೆ ಕೂತ ಹಾಗೆ ಲೆಕ್ಕ ಬರುತ್ತದೆ, ಕೂತದ್ದು ಮೂರೂವರೆ.

ಟಿಕೆಟಿನಲ್ಲಿ ಬರೆದದ್ದೆಲ್ಲ ಆಯಾ ಊರಿನ ಗಡಿಯಾರ. ಅದನ್ನು ಕಳೆದು ಕೂಡಿಸಿ ಪ್ರಯಾಣದ ಹೊತ್ತು ತೆಗೆಯಲು ಹೋಗಬೇಡಿ. ಎರಡನ್ನೂ ನಮ್ಮ ಊರಿನ ಗಂಟೆಗೆ ತನ್ನಿ, ಆಮೇಲೆ ಕಳೆಯಿರಿ.

ಇನ್ನೊಂದು ವಿಷಯ ಗಮನಿಸಿದಿರಾ? ದೂರ ಒಂದೇ, ವಿಮಾನ ಒಂದೇ ತರದ್ದು, ಆದರೂ ಹೋಗುವಾಗ ಜಾಸ್ತಿ, ಬರುವಾಗ ಕಡಿಮೆ. ಗಾಳಿಯ ಕೆಲಸ. ಡಿಸೆಂಬರ್, ಜನವರಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಮಳೆಗಾಲದಲ್ಲಿ ಅಷ್ಟಿಲ್ಲ. ನಮ್ಮ ರೂಮಿನಲ್ಲಿದ್ದ ಉಪ್ಪಳದವರೊಬ್ಬರು ಇದಕ್ಕೆ, "ಊರಿಗೆ ಹೋಗುವಾಗ ವಿಮಾನಕ್ಕೂ ಅವಸರ" ಅನ್ನುತ್ತಿದ್ದರು.


ನೀರ್ಚಾಲಿನ ಹುಡುಗ:

ಮಾಷ್ಟ್ರೇ, ನಾನು ನೀರ್ಚಾಲಿನವನು. ಈಗ ದೆಹಲಿಯ ಕಡೆ ವಿಮಾನಗಳ ದಾರಿ, ಇಂಧನ, ಹವೆ ನೋಡುವ ಕೆಲಸ. ಅಂದರೆ ನೀವು ಅಟ್ಟದಿಂದ ಗ್ಲೋಬು ಇಳಿಸಿ ಮಾಡಿದ್ದನ್ನು ನಾವು ಕಂಪ್ಯೂಟರಿನಲ್ಲಿ ದಿನಾ ಮಾಡುತ್ತೇವೆ. ನಿಮ್ಮ ದಾರದ ಲೆಕ್ಕ ಎಷ್ಟು ಸರಿ ಗೊತ್ತಾ? ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ದಾರಿ 13,990 ಕಿ.ಮೀ. ನಿಮಗೆ ಸಿಕ್ಕಿದ್ದು 33ನ್ನು 425ರಿಂದ ಗುಣಿಸಿದರೆ 14,025. ಹೊಲಿಗೆ ದಾರಕ್ಕೆ ಇದಕ್ಕಿಂತ ಒಳ್ಳೆಯ ಮಾರ್ಕು ಬೇಡ.

ಮೂರು ಅಂಕಿಯ ಗೊಂದಲ ಸುಲಭ. 13,990 ಕಿಲೋಮೀಟರ್, 8,690 ನಮ್ಮ ರಸ್ತೆಯ ಮೈಲು, 7,550 ನಾಟಿಕಲ್ ಮೈಲು. ಮೂರೂ ಒಂದೇ ದೂರ. ಪೈಲಟ್‌ಗಳೂ ಹಡಗಿನವರೂ ಬಳಸುವುದು ಕೊನೆಯದ್ದನ್ನು. ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ನಿಮಗೇ ಬಿಡುತ್ತೇನೆ. ಸುಳಿವು: ವೃತ್ತಕ್ಕೆ 360 ಡಿಗ್ರಿ, ಡಿಗ್ರಿಗೆ 60 ಮಿನಿಟು.

ದಾರ ಯಾಕೆ ಉತ್ತರಕ್ಕೆ ಜಾರಿತು ಎಂಬುದಕ್ಕೆ ಒಂದು ಚಕ್ಕೋತ ಸಾಕು. ಎರಡು ಊರಿಗೆ ಎರಡು ಗುರುತು ಹಾಕಿ. ಕತ್ತಿ ಎರಡೂ ಗುರುತಿನ ಮೇಲೆ ಹಾದು, ಹಣ್ಣಿನ ಸರೀ ನಡುವಿಗೇ ಇಳಿಯುವ ಹಾಗೆ ಕೊಯ್ಯಿರಿ. ಸಿಪ್ಪೆಯ ಮೇಲೆ ಕತ್ತಿ ಹೋದ ಗೆರೆಯೇ ಹತ್ತಿರದ ದಾರಿ. ಬೆಂಗಳೂರು ಸುಮಾರು 77 ಡಿಗ್ರಿ ಪೂರ್ವ ರೇಖಾಂಶ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮ. ಭೂಮಿಯ ಹೆಚ್ಚುಕಡಿಮೆ ಆಚೆ ಬೆನ್ನು. ಬೆಟ್ಟದ ಆ ಮಗ್ಗುಲಿನ ಮನೆಗೆ ಹೋಗಲು ಬುಡ ಸುತ್ತುವುದಕ್ಕಿಂತ ನೆತ್ತಿ ಹತ್ತಿರ ದಾಟುವುದು ಲಾಭ, ಅಲ್ವಾ? ನಿಮ್ಮ ದಾರ ಸೈಬೀರಿಯದ ಕರಾವಳಿ ದಾಟಿ 71 ಡಿಗ್ರಿ ಉತ್ತರದವರೆಗೆ ಹೋಗಿ ಇಳಿದಿದೆ, ಬೇಕಾದರೆ ನೋಡಿ.

ಆದರೆ ವಿಮಾನ ದಾರದ ಮೇಲೆಯೇ ಹೋಗುವುದಿಲ್ಲ. ಕಾರಣ ಮುಖ್ಯವಾಗಿ ಮೂರು.

ನಿಮ್ಮ ದಾರ ನೇಪಾಳದಿಂದ ನೇರ ಟಿಬೆಟಿಗೆ ಹತ್ತಿದೆ. ನಾವು ಆ ಕಡೆ ಸಾಧಾರಣವಾಗಿ ಹೋಗುವುದಿಲ್ಲ. ಬೆಟ್ಟಕ್ಕೆ ಡಿಕ್ಕಿ ಹೊಡೆಯುವ ಭಯದಿಂದಲ್ಲ, ವಿಮಾನ 11 ಕಿ.ಮೀ. ಎತ್ತರದಲ್ಲಿರುತ್ತದೆ. ಕ್ಯಾಬಿನ್ನಿನ ಒಳಗಿನ ಗಾಳಿಯ ಒತ್ತಡ ಇಳಿದರೆ ತಕ್ಷಣ 10 ಸಾವಿರ ಅಡಿಗೆ ಬರಬೇಕು, ಯಾಕೆಂದರೆ ತಲೆ ಮೇಲಿಂದ ಇಳಿಯುವ ಮಾಸ್ಕಿನಲ್ಲಿ ಆಮ್ಲಜನಕ ಇರುವುದು ಸ್ವಲ್ಪವೇ ಹೊತ್ತಿಗೆ. ಟಿಬೆಟಿನಲ್ಲಿ ನೆಲವೇ ಅದಕ್ಕಿಂತ ಮೇಲಿದೆ. ಇಳಿಯುವುದೆಲ್ಲಿಗೆ?

ಎರಡನೆಯದು, ಯಾರ ಆಕಾಶ ಯಾರಿಗೆ ತೆರೆದಿದೆ ಎಂಬುದು. 2022ರಿಂದ ಅಮೆರಿಕದ, ಯುರೋಪಿಯನ್ ಒಕ್ಕೂಟದ ಕಂಪೆನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ನಮ್ಮ ದೇಶದ ವಿಮಾನಗಳು ಅದರ ಮೇಲೆ ಹಾರಿವೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಇಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಊರಿನಲ್ಲಿ ಇಳಿದದ್ದು ನಿಮಗೆ ನೆನಪಿರಬಹುದು. (ಇದನ್ನು ಅಮ್ಮನಿಗೆ ಓದಿ ಹೇಳಬೇಡಿ. ಎಲ್ಲರೂ ಸುರಕ್ಷಿತವಾಗಿ ತಲುಪಿದರು.)

ಮೂರನೆಯದೇ ಮಜಾ ಇರುವುದು. ಹೊಸಂಗಡಿಯವರು ಹೇಳಿದ ಗಾಳಿ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಇದೆ, ಜೆಟ್ ಸ್ಟ್ರೀಮ್. ಗಂಟೆಗೆ 200 ಕಿ.ಮೀ. ದಾಟುವುದು ದೊಡ್ಡ ಮಾತಲ್ಲ. ವಿಮಾನ ತನ್ನಷ್ಟಕ್ಕೆ ಗಂಟೆಗೆ 900 ಕಿ.ಮೀ. ಹೋಗುತ್ತದೆ ಎಂದಿಟ್ಟುಕೊಳ್ಳಿ. ಹಿಂದಿನಿಂದ 150ರ ಗಾಳಿ ಸಿಕ್ಕಿದರೆ ನೆಲದ ಲೆಕ್ಕಕ್ಕೆ 1,050. ಎದುರಿನಿಂದ ಬಂದರೆ 750. ಹದಿನೈದು ಗಂಟೆಯ ದಾರಿಯಲ್ಲಿ ಇದು ಎಷ್ಟಾಗುತ್ತದೆ ನೀವೇ ಗುಣಿಸಿ. 2020ರ ಫೆಬ್ರವರಿ 9ರಂದು ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ಬಿರುಗಾಳಿಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಮುಟ್ಟಿತ್ತು. ಸಾಮಾನ್ಯವಾಗಿ ಅದು ಆರು ಗಂಟೆಗೂ ಮೇಲಿನ ದಾರಿ. ಮಳೆಗಾಲದಲ್ಲಿ ನಮ್ಮ ದಕ್ಷಿಣದ ಮೇಲೆ ತೀರಾ ಎತ್ತರದಲ್ಲಿ ಪೂರ್ವದಿಂದಲೂ ಒಂದು ಗಾಳಿ ಏಳುತ್ತದೆ, ಅದಕ್ಕೇ ಬಜ್ಪೆ–ದುಬೈ ವ್ಯತ್ಯಾಸ ಆಗ ಕಡಿಮೆ.

ಈಗ ನಿಮ್ಮ ದಾರಿಗೇ ಬರುತ್ತೇನೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಮೊದಲು ಪಶ್ಚಿಮಕ್ಕೆ, ಅಟ್ಲಾಂಟಿಕ್ ಮೇಲಿಂದ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲಿಂದ ಹೊರಟರು. ಹಾರಿದ್ದು 15,300 ಕಿ.ಮೀ., ಅಂದರೆ 1,400 ಜಾಸ್ತಿ. ಹಿಡಿದದ್ದು ಹದಿನಾಲ್ಕೂವರೆ ಗಂಟೆ. ಹಳೆಯ ದಾರಿಗಿಂತ ಹೊತ್ತು ಕಡಿಮೆ! ಬರುವಾಗ ಅಟ್ಲಾಂಟಿಕ್ ಮೇಲಿಂದ ಬಂದರು. ಹೋಗುವಾಗಲೂ ಪೂರ್ವ, ಬರುವಾಗಲೂ ಪೂರ್ವ. ಒಂದು ಪ್ರದಕ್ಷಿಣೆಯೇ ಆಯಿತು.

ಧ್ರುವದ ಕಡೆಯಿಂದ ಬಂದದ್ದೂ ಇದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದ ಬಂದು ಜನವರಿ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಪೈಲಟ್‌ಗಳೆಲ್ಲ ಹೆಂಗಸರೇ. ಹಾರಿದ್ದು ಸುಮಾರು 17 ಗಂಟೆ. 10ನೇ ತಾರೀಕು ಅವರಿಗೆ ಆಕಾಶದಲ್ಲೇ ಕರಗಿತು. ನೀವು ವಾಪಸ್ ಬರುವಾಗ ನಿಮಗೂ ಹೀಗೆ ಒಂದು ತಾರೀಕು ನಷ್ಟ.

ದೆಹಲಿಯೋ ದುಬೈಯೋ ಎಂದು ಕೇಳಿದ್ದೀರಿ. ನಿಮ್ಮ ದಾರವೇ ಉತ್ತರ ಹೇಳುತ್ತದೆ. ದಾರ ಬೆಂಗಳೂರಿನಿಂದ ಉತ್ತರಕ್ಕೆ ಹೊರಟಿದೆ, ದೆಹಲಿ ಇರುವುದೂ ಉತ್ತರಕ್ಕೇ. ಬೆಂಗಳೂರು–ದೆಹಲಿ 1,710, ಅಲ್ಲಿಂದ ಮುಂದೆ 12,380, ಒಟ್ಟು 14,090. ನೇರ ದಾರಿಗಿಂತ ಬರೇ 100 ಕಿ.ಮೀ. ಜಾಸ್ತಿ. ದುಬೈ ಮೇಲೆ 2,700 ಮತ್ತು 13,040, ಒಟ್ಟು 15,740. ಸಿಂಗಾಪುರದ ಮೇಲೆ ಹೋದರೆ 16,770. ಜನ ದೆಹಲಿ ಎಂದರೆ ಸುತ್ತು ಅಂದುಕೊಳ್ಳುತ್ತಾರೆ. ಗ್ಲೋಬು ಹಾಗೆ ಹೇಳುವುದಿಲ್ಲ.


ಪೆರ್ಲದ ಮಾಷ್ಟ್ರು:

ನೀರ್ಚಾಲಿನ ಹುಡುಗಾ, ನಿನಗೆ ಯಾವ ಮಾಷ್ಟ್ರು ಪಾಠ ಮಾಡಿದ್ದೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ.

ಸುಳಿವು ಹಿಡಿದು ಲೆಕ್ಕ ಮಾಡಿದೆ. 360ನ್ನು 60ರಿಂದ ಗುಣಿಸಿದರೆ 21,600. ಅದನ್ನು 1.852ರಿಂದ ಗುಣಿಸಿದರೆ 40,003. ಭೂಮಿಯ ಸುತ್ತಳತೆ! ಅಂದರೆ ಭೂಮಿಯ ಮೇಲೆ ಒಂದು ಮಿನಿಟು ಕೋನಕ್ಕೆ ಒಂದು ಮೈಲು. 31 ವರ್ಷ ಅಕ್ಷಾಂಶ ರೇಖಾಂಶ ಎಂದು ಕೂಗಿದೆ, ಇದು ಒಂದು ದಿನವೂ ಹೊಳೆದಿರಲಿಲ್ಲ. ಎದ್ದು ಹೋಗಿ ಮನೆಯವಳಿಗೆ ಹೇಳಿದೆ. ಅವಳು ಹಪ್ಪಳದ ಹಿಟ್ಟು ನಾದುತ್ತಾ, "ಹೌದಾ" ಅಂದಳು.

ಚಕ್ಕೋತವನ್ನೂ ಕೊಯ್ದೆ. ನೋಡಿದ್ದಾಯಿತು, ತಿಂದದ್ದೂ ಆಯಿತು.

ಗಂಟೆಯ ಲೆಕ್ಕ ಹೀಗೆ ಮಾಡಿದ್ದೇನೆ, ತಪ್ಪಿದ್ದರೆ ಹೇಳಿ. ಅಲ್ಲಿ ಈಗ ಬೇಸಿಗೆ ಗಡಿಯಾರ, ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನವೆಂಬರ್ ಮೊದಲ ಭಾನುವಾರದ ಮೇಲೆ ಹದಿಮೂರೂವರೆ. ಅಲ್ಲಿ ಬೆಳಿಗ್ಗೆ 7:30 ಆಗುವಾಗ ಪೆರ್ಲದಲ್ಲಿ ಅದೇ ದಿನ ರಾತ್ರಿ 8. ಬೆಳಿಗ್ಗೆ 4ರಿಂದ ರಾತ್ರಿ 8, ಹದಿನಾರು ಗಂಟೆ. ಪಕ್ಕದ ಮನೆಯ ಭಾವನಿಗೆ ಹೇಳಿದೆ. "ಹಾಗಾದರೆ ದುಡ್ಡು ಮೋಸ ಇಲ್ಲ" ಎಂದರು.

ಆದರೆ ಏಕಾದಶಿ? ನಮ್ಮ ಆ ತಾರೀಕಿಗೆ 24 ಅಲ್ಲ, ಮೂವತ್ತಾರೂವರೆ ಗಂಟೆ. ಪೂರ್ವಕ್ಕೆ ಹೋಗುವುದಾದರೆ ದೆಹಲಿ ಬಿಟ್ಟು ಎರಡು ಗಂಟೆಯೊಳಗೆ ಒಂದು ಸೂರ್ಯೋದಯ, ಇಳಿಯುವ ಹೊತ್ತಿಗೆ ಇನ್ನೊಂದು. ಒಂದೇ ತಾರೀಕಿಗೆ ಎರಡು! ಅವಳಿಗೆ ಶುಗರ್ ಬೇರೆ ಇದೆ. ಉಪವಾಸ ಬಿಡು ಎಂದು ಹೇಳುವ ಧೈರ್ಯ ನನಗಿಲ್ಲ.


ಸನ್ನಿವೇಲ್ ಸೊಸೆ:

ಮಾಷ್ಟ್ರೇ, ನನ್ನ ತವರು ಬದಿಯಡ್ಕ. ಇಲ್ಲಿಗೆ, ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನ್ನಿವೇಲಿಗೆ, ಬಂದು ಹನ್ನೊಂದು ವರ್ಷ ಆಯ್ತು. ನನ್ನ ಎರಡು ಬಾಣಂತನಕ್ಕೂ ಅಮ್ಮ ಬಂದಿದ್ದರು, ಅತ್ತೆ ಮೂರು ಸಲ ಬಂದಿದ್ದಾರೆ. ಅದರಿಂದ ಕಲಿತದ್ದು ಹೇಳುತ್ತೇನೆ.

ಮೊದಲು ಏಕಾದಶಿ, ಯಾಕೆಂದರೆ ಅತ್ತೆಗೂ ಇದೇ ತಲೆಬಿಸಿ ಆಗಿತ್ತು. ತಿಥಿಗೂ ತಾರೀಕಿಗೂ ಸಂಬಂಧ ಇಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅದು ಇಡೀ ಭೂಮಿಗೆ ಒಂದೇ ಗಳಿಗೆಯಲ್ಲಿ ಶುರು, ಒಂದೇ ಗಳಿಗೆಯಲ್ಲಿ ಮುಗಿಯುತ್ತದೆ. ವಿಮಾನದಲ್ಲಿ ಕೂತರೆ ಚಂದ್ರ ನಿಲ್ಲುವುದಿಲ್ಲ. ಒಂದು ತಿಥಿ ಇರುವುದು 19ರಿಂದ 26 ಗಂಟೆ, ಮೂವತ್ತಾರು ಅಂತೂ ಖಂಡಿತ ಇಲ್ಲ. ಆಯಾ ಊರಿನ ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದು ಆ ದಿನಕ್ಕೆ. ಅದಕ್ಕೇ ಇಲ್ಲಿಯ ಪಂಚಾಂಗ ಊರಿನದ್ದಕ್ಕಿಂತ ಎಷ್ಟೋ ಸಲ ಒಂದು ದಿನ ಹಿಂದೆ ಮುಂದೆ ಬರುತ್ತದೆ. ನಿಮ್ಮ ಪಂಚಾಂಗದಲ್ಲಿ ಏಕಾದಶಿ ಮುಗಿಯುವ ಗಳಿಗೆ ನೋಡಿ. ಅದು ಸಂಜೆಯೊಳಗೆ ಮುಗಿದರೆ, ನೀವು ಇಳಿಯುವಾಗ ಇಲ್ಲಿ ದ್ವಾದಶಿ. ನಿಮ್ಮ ಮನೆಯ ಅಮ್ಮ ಸೀದಾ ಪಾರಣೆಯೇ (ಉಪವಾಸ ಮುಗಿಸುವ ಊಟ) ಮಾಡಬಹುದು. ಶುಗರ್ ಇರುವುದರಿಂದ ವಿಮಾನದಲ್ಲಿ ಹಣ್ಣು, ನೀರು ಬಿಡಬಾರದು, ಡಾಕ್ಟರನ್ನೂ ಕೇಳಿಕೊಂಡೇ ಹೊರಡಿ. ಟಿಕೆಟ್ ಮಾಡುವಾಗಲೇ ಹಣ್ಣಿನ ಊಟ ಎಂದು ಹೇಳಿದರೆ ಕೆಲವು ಕಂಪೆನಿಯವರು ಕೊಡುತ್ತಾರೆ.

ಎರಡನೆಯದು, ನೀವು ಬೆಂಗಳೂರಿನಿಂದ ಲೆಕ್ಕ ಹಾಕುತ್ತಿದ್ದೀರಿ. ಪೆರ್ಲದಿಂದ ಬೆಂಗಳೂರಿಗೆ ಹೇಗೆ? ಚೌತಿ ಹೊತ್ತಿಗೆ ಶಿರಾಡಿ ಘಾಟಿ ಯಾವ ದಿನ ಕುಸಿಯುತ್ತದೆ ಹೇಳಲಾಗದು. ನನ್ನ ಅಮ್ಮ ಮೊದಲ ಸಲ ಕಾರಿನಲ್ಲಿ ಹೊರಟು ಘಾಟಿಯಲ್ಲಿ ನಾಲ್ಕು ಗಂಟೆ ನಿಂತು, ಕೊನೆಗೆ ಓಡುತ್ತಾ ವಿಮಾನ ಹತ್ತಿದ್ದು. ಮಂಗಳೂರಿನಿಂದಲೇ ಟಿಕೆಟ್ ಮಾಡಿಸಿ, ಅದೂ ಕೊನೆವರೆಗೆ ಒಂದೇ ಟಿಕೆಟ್. ಬೇರೆ ಬೇರೆ ತೆಗೆದರೆ ಒಳನಾಡಿನ ವಿಮಾನದಲ್ಲಿ 15 ಕಿಲೋ ಎನ್ನುತ್ತಾರೆ, ನಿಮ್ಮ ಸೂಟ್‌ಕೇಸು 23 ಕಿಲೋ ಇರುತ್ತದೆ. ಒಂದೇ ಟಿಕೆಟ್ ಆದರೆ ದೊಡ್ಡ ಪ್ರಯಾಣದ ತೂಕವೇ ಮೊದಲಿನಿಂದ ನಡೆಯುತ್ತದೆ. ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೂ ಇನ್ನೊಂದಕ್ಕೆ ಹತ್ತಿಸುವ ಜವಾಬ್ದಾರಿ ಅವರದ್ದೇ. ದೆಹಲಿಯಲ್ಲಿ ನಾಲ್ಕು ಗಂಟೆ ಸಮಯ ಇರಲಿ. ಅಳಿಯ ಎರಡು ಗಂಟೆ ಸಾಕು ಎಂದರೆ ಕೇಳಬೇಡಿ, ನಮ್ಮ ಮನೆಯವರೂ ಹಾಗೇ ಹೇಳುವುದು.

ಬಾಣಂತಿ ಲೇಹ್ಯ, ಹಪ್ಪಳ, ಪುನರ್ಪುಳಿ ಸಿಪ್ಪೆ ತರುತ್ತೀರಿ ಅಂತ ಗೊತ್ತು. ಇಲ್ಲಿ ಇಳಿದಾಗ ತಿನ್ನುವ ಸಾಮಾನು ಉಂಟಾ ಎಂದು ಕೇಳಿದರೆ ಉಂಟು ಎನ್ನಿ. ಇಲ್ಲ ಎಂದು ಹೇಳಿ ಆಮೇಲೆ ಸಿಕ್ಕಿದರೆ ದಂಡ. ಬೀಜ, ಗಿಡ, ಹಸಿ ಹಣ್ಣು ತರಬೇಡಿ. ವೀಳ್ಯದೆಲೆಯಂತೂ ಬೇಡವೇ ಬೇಡ. ಡಬ್ಬಿಯ ಮೇಲೆ ಏನೆಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ.

ಇಬ್ಬರೂ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಇಳಿದ ದಿನ ಹಗಲು ಮಲಗಬೇಡಿ. ಇದನ್ನು ಎಲ್ಲರಿಗೂ ಹೇಳುತ್ತೇನೆ, ಎಲ್ಲರೂ ಮಲಗುತ್ತಾರೆ.


ಹೊಸಂಗಡಿ ಟು ದೇರಾ:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಬಜ್ಪೆಗೆ ಹೋಗುವುದಾದರೆ ಹೆದ್ದಾರಿಯ ಕೆಲಸ ನೆನಪಿರಲಿ. ಪೆರ್ಲದವರು ಕುಂಬಳೆಗೆ ಇಳಿದು ತಲಪಾಡಿ ಮೇಲೆ ಹೋಗುವುದಕ್ಕಿಂತ ಅಡ್ಕಸ್ಥಳ, ವಿಟ್ಲ, ಕಲ್ಲಡ್ಕ, ಬಿ.ಸಿ.ರೋಡ್, ಪೊಳಲಿ ದಾರಿ ಹಿಡಿಯುವುದು ಒಳ್ಳೆಯದು. ಮಂಗಳೂರು ಪೇಟೆಯೇ ಸಿಗುವುದಿಲ್ಲ.


ಪೆರ್ಲದ ಮಾಷ್ಟ್ರು:

ತಲುಪಿದೆವು. ಇದನ್ನು ಮಗಳ ಮನೆಯ ಅಡಿಗೆಮನೆಯ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ರಾತ್ರಿ ಎರಡೂವರೆ. ಹಗಲು ಮಲಗಿದ್ದಕ್ಕೆ ಶಿಕ್ಷೆ.

ನಿಮ್ಮೆಲ್ಲರ ಮಾತಿನಂತೆ ಮಂಗಳೂರಿನಿಂದಲೇ ಒಂದೇ ಟಿಕೆಟ್ ಮಾಡಿಸಿದೆ. ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಮನೆ ಬಿಟ್ಟೆವು. ಕಲ್ಲಡ್ಕದಲ್ಲಿ ಕೆ.ಟಿ. (ಕಲ್ಲಡ್ಕ ಟೀ) ಕುಡಿದು, ಪೊಳಲಿಯಲ್ಲಿ ಕಾರಿನಿಂದಲೇ ಕೈಮುಗಿದು ಬಜ್ಪೆ ಸೇರಿದೆವು. ಅಲ್ಲಿಂದ ಬೆಂಗಳೂರು, ಆಮೇಲೆ ದೆಹಲಿ.

ದೆಹಲಿಯಿಂದ ಮುಂದಿನದ್ದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಎದುರಿನ ಸಣ್ಣ ಪರದೆಯಲ್ಲಿ ವಿಮಾನ ಎಲ್ಲಿದೆ, ವೇಗ ಎಷ್ಟು, ಹೊರಗೆ ಎಷ್ಟು ಚಳಿ ಎಲ್ಲ ಬರುತ್ತಿತ್ತು. ಉಳಿದವರು ಸಿನಿಮಾ ನೋಡಿದರು, ನಾನು ಹದಿನೈದು ಗಂಟೆ ಅದನ್ನೇ ನೋಡಿದೆ. ಟಿಬೆಟ್ ಬಿಟ್ಟು ಪೂರ್ವಕ್ಕೆ ಹೋಯಿತು, ಹುಡುಗ ಹೇಳಿದ ಹಾಗೇ. ಪೆಸಿಫಿಕ್ ಮೇಲೆ ಒಂದು ಹೊತ್ತಿನಲ್ಲಿ ವೇಗ 1,041 ಎಂದು ತೋರಿಸಿತು, ಹೊರಗೆ ಸೊನ್ನೆಗಿಂತ 54 ಡಿಗ್ರಿ ಕೆಳಗೆ. ಒಳಗೆ ಮನೆಯವಳು ಸ್ವೆಟರ್ ಹಾಕಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದಳು. ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ 15 ಗಂಟೆ 35 ನಿಮಿಷ. ಉಳಿದದ್ದು ರನ್‌ವೇಯಲ್ಲಿ ಸಾಲು ನಿಂತದ್ದು. ಟಿಕೆಟಿನ ಗಂಟೆಯಲ್ಲಿ ಅದೂ ಸೇರಿದೆ ಎಂದು ಈಗ ಗೊತ್ತಾಯಿತು.

ಮನೆಯ ಬಾಗಿಲಿನಿಂದ ಮಗಳ ಮನೆಯ ಬಾಗಿಲಿಗೆ 34 ಗಂಟೆ. ಅದರಲ್ಲಿ ಆಕಾಶದಲ್ಲಿ ಇದ್ದದ್ದು ಹತ್ತೊಂಬತ್ತು ಚಿಲ್ಲರೆ. ಮಿಕ್ಕ ಹದಿನೈದು ಗಂಟೆ ಕಾರು, ಸಾಲು, ಕುರ್ಚಿ.

ಎರಡನೇ ಸೂರ್ಯೋದಯ ಇಳಿಯುವ ಸ್ವಲ್ಪ ಮುಂಚೆ ಆಯಿತು. ಕೆಳಗೆ ಮೋಡ, ಅದರ ಅಂಚು ಕೆಂಪು. ಮನೆಯವಳನ್ನು ಎಬ್ಬಿಸಿದೆ. ನೋಡಿ ಕೈಮುಗಿದು, "ಈಗ ಯಾವ ತಿಥಿ?" ಎಂದು ಕೇಳಿದಳು. ನಮ್ಮ ಪಂಚಾಂಗದಲ್ಲಿ ಏಕಾದಶಿ ಸಂಜೆ 5ರ ಸುಮಾರಿಗೆ ಮುಗಿಯುವುದೆಂದು ಗುರುತು ಹಾಕಿ ತಂದಿದ್ದೆ. ಪೆರ್ಲದಲ್ಲಿ ಆಗ ಏಳೂವರೆ ಕಳೆದಿತ್ತು. ದ್ವಾದಶಿ ಎಂದೆ. ಎರಡು ಸಲ ಲೆಕ್ಕ ಕೇಳಿದಳು, ಒಪ್ಪಿದಳು. ಮಗಳ ಮನೆಗೆ ಬಂದು ಸ್ನಾನ ಮಾಡಿ, ಬೆಳ್ತಿಗೆ ಗಂಜಿಯಲ್ಲಿ ಪಾರಣೆ ಮಾಡಿದಳು. ಮೂವತ್ತಾರು ಗಂಟೆಯ ಉಪವಾಸ ತಪ್ಪಿತು.

ಕಸ್ಟಮ್ಸಿನಲ್ಲಿ ಉಂಟು ಎಂದೆ. ಲೇಹ್ಯದ ಡಬ್ಬಿ ತೆರೆಸಿ ಮೂಸಿ ನೋಡಿ ಮುಖ ಕಿವುಚಿ ಮುಚ್ಚಿದರು. ಅದರ ಮುಚ್ಚಳ ಮತ್ತೆ ಸರಿ ಕೂರಲಿಲ್ಲ. ಮನೆಗೆ ಬಂದ ಮೇಲೆ ಇವಳು ಬಾಯಿಗೆ ಪ್ಲಾಸ್ಟಿಕ್ ಕಟ್ಟಲು ದಾರ ಹುಡುಕುತ್ತಿದ್ದಳು. ನನ್ನ ಅಂಗಿಯ ಕಿಸೆಯಲ್ಲಿ ಆ 33 ಸೆಂ.ಮೀ. ದಾರ ಇತ್ತು, ಎರಡು ತುದಿಗೂ ಶಾಯಿಯ ಗುರುತು ಹಾಕಿದ್ದು. ಅಳಿಯನಿಗೆ ತೋರಿಸಬೇಕೆಂದು ತಂದದ್ದು. ತೋರಿಸುವ ಮೊದಲೇ ಡಬ್ಬಿಗೆ ಕಟ್ಟಿ ಆಯಿತು. ಸರಿಯಾಗಿ ಒಂದೇ ಸುತ್ತಿಗೆ ಬಂತು.